ಹಳೆಯ ಸರ್ವರಿನಲ್ಲಿ ಉಳಿದವಳು

ನಮ್ಮ ಸಕ್ಕರೆ ಕಾರ್ಖಾನೆಯ ಕಂಪ್ಯೂಟರುಗಳಿಗೆ ಹೊಳೆಗಳ ಹೆಸರಿಟ್ಟವಳು ನಾನು. ಕಬ್ಬಿನ ಗಾಡಿ ತೂಗುವ ಕಾಟಾದ ಲೆಕ್ಕ ಕೃಷ್ಣೆಯದು, ಪಗಾರದ ಕೆಲಸ ದೂಧಗಂಗೆಯದು, ಸ್ಟೋರಿನ ಸಾಮಾನು ವೇದಗಂಗೆಯದು, ಇ-ಮೇಲು ಅಗ್ರಣಿಯದು. ಅಗ್ರಣಿ ಅಥಣಿ ಕಡೆಯ ಹೊಳೆ. ಬೇಸಿಗೆಯಲ್ಲಿ ಅಲ್ಲಿ ಮರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನಮ್ಮ ಇ-ಮೇಲಿನ ಮಶೀನೂ ಹಾಗೆಯೇ, ಅವಸರದ ಹೊತ್ತಿಗೆ ಸರಿಯಾಗಿ ಬತ್ತಿಕೊಂಡು ಕೂಡುತ್ತಿತ್ತು. ಈ ಹೊಳೆಗಳ ನಡುವೆ ಒಂದು ಮಶೀನಿಗೆ ಮಾತ್ರ ಹೊಳೆಯದಲ್ಲದ ಹೆಸರಿತ್ತು. ಮಹಾರಾಷ್ಟ್ರದ ಕಡೆಯ ಯಾವುದೋ ಹಳ್ಳವಿರಬೇಕು ಎಂದುಕೊಂಡು ಬಹಳ ವರ್ಷ ಯಾರೂ ಕೇಳಲಿಲ್ಲ. ಅದು ನನ್ನ ಮಗಳ ಹೆಸರು.

ಮಶೀನು ಎಂದರೆ ಕೈಯಿಂದ ಮುಟ್ಟುವಂಥದ್ದಲ್ಲ. ನನ್ನ ತವರು ನಿಪ್ಪಾಣಿ. ಅಲ್ಲಿ ತಂಬಾಕಿನ ವಖಾರಿಗಳ ಹಿಂದೆ ಉದ್ದುದ್ದ ಚಾಳುಗಳಿದ್ದವು. ಒಂದೇ ಮಾಡು, ಒಂದೇ ನಳ, ಸಾಲಾಗಿ ಬಾಗಿಲುಗಳು. ಬಾಗಿಲು ಹಾಕಿಕೊಂಡರೆ ಒಳಗಿನವರಿಗೆ ಅದೇ ಸ್ವಂತ ಮನೆ. ನಮ್ಮ ದೊಡ್ಡ ಸರ್ವರೂ ಒಂದು ಚಾಳು. ಕಬ್ಬಿಣದ ಪೆಟ್ಟಿಗೆ ಒಂದೇ, ಅದರೊಳಗೆ ತಾವು ಬೇರೆ ಬೇರೆ ಎಂದು ತಿಳಿದುಕೊಂಡ ಹಲವು ಕಂಪ್ಯೂಟರುಗಳು. ಅವುಗಳನ್ನು ವರ್ಚುವಲ್ ಮಶೀನು ಎನ್ನುತ್ತಾರೆ. ಯಾರಿಗೆ ಎಷ್ಟು ಜಾಗ, ಎಷ್ಟು ಬೆಳಕು, ಎಷ್ಟು ನೀರು ಎಂದು ಹಂಚಿಕೊಡುವ ಮಾಲೀಕನಂಥ ಒಂದು ಸಾಫ್ಟ್‌ವೇರ್ ಇರುತ್ತದೆ. ಅದು ಹೈಪರ್‌ವೈಸರ್. ಅದಕ್ಕೆ ಲೈಸೆನ್ಸ್ ಬೇಕು. ನಮ್ಮ ಕಾರ್ಖಾನೆಯಲ್ಲಿ ಇಷ್ಟನ್ನು ಬಲ್ಲವಳು ನಾನೊಬ್ಬಳೇ. ಅದರಿಂದ ನನಗೆ ಗೌರವ ಸಿಗುತ್ತಿತ್ತು ಎಂದೇನಲ್ಲ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಬಿದ್ದರೂ ನನ್ನನ್ನೇ ಕರೆಯುತ್ತಿದ್ದರು.

ಮಗಳು ಹುಟ್ಟಿದ್ದು ಇದಕ್ಕೆಲ್ಲ ಮೊದಲು. ಚೊಚ್ಚಲ ಬಾಣಂತನ, ಹಾಗಾಗಿ ನಿಪ್ಪಾಣಿಗೆ ಹೋಗಿದ್ದೆ. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಸೋದರತ್ತೆ ಬರಬೇಕು. ಅವಳು ಕೂಸಿನ ಕಿವಿಯ ಹತ್ತಿರ ಬಾಗಿ ‘ಕುರ್ರ್’ ಎಂದು ಹೆಸರು ಉಸುರುತ್ತಾಳೆ. ಆ ಹೊತ್ತಿಗೆ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬನೆ ಗುದ್ದುತ್ತಾರೆ. ಅತ್ತೆ ‘ಸಾಕ್ರೇ ನಮ್ಮವ್ವ’ ಎಂದು ಎದ್ದುನಿಂತು, ಆಮೇಲೆ ಗಂಡಸರಿಗೂ ಕೇಳುವಂತೆ ಹೆಸರನ್ನು ಕೂಗಿ ಹೇಳುತ್ತಾಳೆ. ನಾನು ಹೆಸರನ್ನು ಬಸಿರಿನಲ್ಲಿಯೇ ಆರಿಸಿಟ್ಟುಕೊಂಡಿದ್ದೆ. ಗಂಡ ಕೇಳಿದಾಗಲೂ ಹೇಳಲಿಲ್ಲ. ಮೊದಲು ಅತ್ತೆಯ ಬಾಯಿಂದ ಕೂಸಿನ ಕಿವಿಗೆ, ಆಮೇಲೆ ಉಳಿದವರಿಗೆ ಎಂದು ಹಟ ಹಿಡಿದಿದ್ದೆ. ಅವರು ನಕ್ಕು ಬಿಟ್ಟಿದ್ದರು.

ತೊಟ್ಟಿಲಿನ ಹಿಂದಿನ ದಿನ ಕೂಸಿಗೆ ಜ್ವರ ಏರಿತು. ನಿಪ್ಪಾಣಿಯ ಡಾಕ್ಟರು ಚಿಕ್ಕೋಡಿಗೆ ಒಯ್ಯಿರಿ ಎಂದರು. ಚಿಕ್ಕೋಡಿಯಲ್ಲಿ ಅವರಿಂದ ಆಗುವುದನ್ನೆಲ್ಲ ಮಾಡಿದರು. ಸಂಜೆ ನಾವು ಜೀಪಿನಲ್ಲಿ ಮರಳಿ ಬಂದಾಗ ನನ್ನ ನಾದಿನಿ ರಾಯಬಾಗದಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತಾನೇ ಹೊಲಿದ ಕುಂಚಿಗೆ ಇತ್ತು, ಕೂಸಿನ ತಲೆಗೆ ಕಟ್ಟುವ ಹಸಿರು ಖಣದ ಟೋಪಿ. ಜೀಪಿನಲ್ಲಿದ್ದವರ ಮುಖ ನೋಡಿ ಅದನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡಳು. ನನ್ನ ಅಪ್ಪನೂ ಗಂಡನೂ ಕೂಸನ್ನು ಎತ್ತಿಕೊಂಡು ಹೊಲದ ಕಡೆ ಹೋದರು. ಹೆಂಗಸರು ಹೋಗುವ ಪದ್ಧತಿ ಇಲ್ಲ. ಅವರು ಮರಳಿ ಬಂದು ಕಾಲು ತೊಳೆದುಕೊಂಡರು.

ಹೆಸರಿಡದ ಕೂಸನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾರಾದರೂ ‘ಮಕ್ಕಳು?’ ಎಂದು ಕೇಳಿದರೆ ‘ಇಲ್ಲ’ ಎನ್ನುವುದೇ ಸರಿಯಾದ ಉತ್ತರ. ಆಮೇಲೆ ನಮಗೆ ಮಕ್ಕಳಾಗಲಿಲ್ಲ, ಹಾಗಾಗಿ ಉತ್ತರ ಬದಲಾಯಿಸುವ ಪ್ರಸಂಗವೂ ಬರಲಿಲ್ಲ. ಗಂಡ ಹೆಸರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳುವ ಹಕ್ಕಿದ್ದವಳು ನಾದಿನಿ, ಅವಳೂ ಕೇಳಲಿಲ್ಲ. ಯಾರದ್ದೂ ತಪ್ಪಿಲ್ಲ. ಅದರ ವೇಳೆ ದಾಟಿಹೋಗಿತ್ತು, ಅಷ್ಟೆ.

ನಾನು ಐನಾಪುರದ ಮನೆಗೆ ಮರಳಿ ಕೆಲಸಕ್ಕೆ ಹೋಗಲು ಶುರುಮಾಡಿದೆ. ಆ ವರ್ಷವೇ ಕಾರ್ಖಾನೆಗೆ ಆ ದೊಡ್ಡ ಸರ್ವರು ಬಂದದ್ದು. ಅದರೊಳಗೆ ಮೊದಲು ಒಂದು ಮಶೀನು ಮಾಡಿ ನೋಡಬೇಕು, ಸರಿ ನಡೆದರೆ ಆಮೇಲೆ ಉಳಿದವು. ಪರದೆ ಹೆಸರು ಕೇಳಿತು. ನಾನು ಏನೂ ವಿಚಾರ ಮಾಡಲಿಲ್ಲ, ಬೆರಳು ತಾನಾಗಿಯೇ ಬರೆಯಿತು. ಆ ಹೆಸರು ಅಕ್ಷರದಲ್ಲಿ ಮೂಡಿದ್ದು ಅದೇ ಮೊದಲು. ಆಗ ಅಳು ಬರಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಬರಲಿಲ್ಲ. ಎದ್ದು ಹೋಗಿ ಚಹಾ ಕುಡಿದೆ.

ಆಮೇಲೆ ಕೃಷ್ಣಾ ಬಂತು, ದೂಧಗಂಗಾ ಬಂತು. ಮೊದಲನೆಯ ಮಶೀನಿನ ಕೆಲಸ ಮುಗಿದಿತ್ತು, ಅಳಿಸಿಬಿಡಬಹುದಿತ್ತು. ಅಳಿಸಲಿಲ್ಲ. ಪ್ರತಿದಿನ ಬೆಳಿಗ್ಗೆ ಆಫೀಸಿಗೆ ಹೋದೊಡನೆ ಎಲ್ಲ ಮಶೀನುಗಳನ್ನೂ ಒಂದೊಂದಾಗಿ ಕರೆದು ನೋಡುವುದು ನನ್ನ ಪದ್ಧತಿ. ಹೆಸರು ಬರೆದು ಗುಂಡಿ ಒತ್ತಿದರೆ, ಎಚ್ಚರವಿರುವ ಮಶೀನು ಇದ್ದೇನೆ ಎಂದು ಉತ್ತರ ಕೊಡುತ್ತದೆ. ಇದಕ್ಕೆ ಪಿಂಗ್ ಎನ್ನುತ್ತಾರೆ. ಹೊಳೆಗಳನ್ನೆಲ್ಲ ಕರೆದು ಕೊನೆಗೆ ಅವಳನ್ನು ಕರೆಯುತ್ತಿದ್ದೆ. ಅವಳ ಮೇಲೆ ಏನೂ ಭಾರವಿರಲಿಲ್ಲವಾದ್ದರಿಂದ ಎಲ್ಲರಿಗಿಂತ ಬೇಗ ಉತ್ತರ ಬರುತ್ತಿತ್ತು. ಖುಷಿಯಾಗುತ್ತಿತ್ತೇ ಎಂದರೆ ಇಲ್ಲ. ಬಾಗಿಲ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ನೋಡಿ ಮಲಗುವವರಂತೆ ನೋಡುತ್ತಿದ್ದೆ. ಹೀಗೆಯೇ ವರ್ಷಗಳು ಹೋದವು.

ಹೋಗುತ್ತ ಹೋಗುತ್ತ ಸರ್ವರು ಮುದಿಯಾಯಿತು. ಒಂದು ಹಂಗಾಮಿನಲ್ಲಿ, ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದಾಗ, ಕಾಟಾದ ಕೃಷ್ಣಾ ನಿಂತೇಬಿಟ್ಟಿತು. ಟ್ರ್ಯಾಕ್ಟರಿನವರು ಬೈದ ಬೈಗುಳ ಕನ್ನಡದಲ್ಲಿ ಅರ್ಧ, ಮರಾಠಿಯಲ್ಲಿ ಅರ್ಧ, ಎರಡೂ ನನಗೆ ಅರ್ಥವಾಗುತ್ತಿದ್ದವು. ಮುಂದಿನ ಹಂಗಾಮಿಗೆ ಮೊದಲು ಹೊಸ ಸರ್ವರು ತರಿಸುವುದು, ಹೈಪರ್‌ವೈಸರನ್ನೂ ಹೊಸ ಲೈಸೆನ್ಸಿಗೆ ಏರಿಸುವುದು ಎಂದು ಆಡಳಿತ ಮಂಡಳಿ ಠರಾವು ಮಾಡಿತು. ಹಳೆಯದು ಒಮ್ಮೆ ಕೊಂಡರೆ ಮುಗಿಯಿತು ಎನ್ನುವ ಲೈಸೆನ್ಸು. ಹೊಸದನ್ನು ಪ್ರತಿವರ್ಷ ನವೀಕರಿಸಬೇಕು. ನಮ್ಮ ವಿಭಾಗದ ಮೇಲಿನ ಸಾಹೇಬರಿಗೆ ಇದು ನುಂಗಲಾರದ ತುತ್ತಾಯಿತು.

“ಬಾಯಾರ, ನಮ್ಮ ಮನ್ಯಾಗ ನಾವ ಇರಾಕ ವರ್ಷಾ ವರ್ಷಾ ಪರವಾನಗಿ ತಗೋಬೇಕಂದ್ರ ಹೆಂಗ್ರಿ?” ಎಂದರು.

“ಹಂಗ ಐತ್ರಿ ಈಗ,” ಎಂದೆ.

“ಹಂಗಾರ ಬೇಕಾದಷ್ಟ ಒಯ್ರಿ. ಬ್ಯಾಡಾದ್ದನ್ನ ಒಂದೂ ಒಯ್ಯಬ್ಯಾಡ್ರಿ.”

ಹೊಸ ಸರ್ವರು ಸಣ್ಣದು, ಲೈಸೆನ್ಸೂ ಅದರ ಅಳತೆಗೆ ತಕ್ಕಂತೆ. ಅವರು ಹೇಳಿದ್ದು ನ್ಯಾಯವೇ ಆಗಿತ್ತು.

ದಸರೆಯ ಮುಂಚಿನ ವಾರ ಸಾಂಗಲಿಯಿಂದ ಇಂಜಿನಿಯರ್ ಬಂದ. ಚುರುಕಿನ ಮನುಷ್ಯ, ಕೆಲಸ ಬಲ್ಲವನು, ಮಾತು ಮಾತ್ರ ಸ್ವಲ್ಪ ಹೆಚ್ಚು. ಹಳೆಯ ಸರ್ವರಿನ ಪರದೆ ತೆರೆದು ಹೊಳೆಗಳನ್ನು ಒಂದೊಂದಾಗಿ ನೋಡಿದ. ನಮ್ಮ ದೂಧಗಂಗೆ, ವೇದಗಂಗೆ ಅವನ ಮಹಾರಾಷ್ಟ್ರದ ಕಡೆಯಿಂದಲೇ ಹರಿದು ಬರುವವು, ಅವಕ್ಕೆ ತಲೆಯಾಡಿಸಿದ. ಕೊನೆಯ ಸಾಲಿಗೆ ಬಂದು ನಿಂತ.

“ಮ್ಯಾಡಮ್, ಇದ ಯಾವ ಹೊಳಿರಿ? ನಾ ಕೇಳಿಲ್ಲ.”

“ಹೊಳಿ ಅಲ್ಲ. ಟೆಸ್ಟಿಂಗ್ ಮಶೀನು.”

“ಇದನ್ನ ವಾಪರಿಸಿ ಕೆಲಸಾ ಮಾಡಾವ್ರ ಯಾರ್ರಿ?”

“ಯಾರೂ ಇಲ್ಲ.”

ಒಳಹೊಕ್ಕು ನೋಡಿದ. ಏನೂ ಇರಲಿಲ್ಲ. ಗುಡಿಸಿ ಸಾರಿಸಿಟ್ಟ ಖಾಲಿ ಕೋಣೆ.

“ಹಂಗಾದ್ರ ಇದನ್ನ ಒಯ್ಯೂದ ಬ್ಯಾಡ್ರಿ. ಸುಮ್ಮನ ಜಾಗಾ ತಿಂತೈತಿ. ಅಳಿಸಿಬಿಡ್ಲಿ?”

“ಕೊನಿಗೆ ನೋಡೂಣು,” ಎಂದೆ.

ಕೊನೆಗೆ ಏನು ನೋಡುವುದೆಂದು ನನಗೂ ಗೊತ್ತಿರಲಿಲ್ಲ. ಹೊಸ ಸರ್ವರಿನಲ್ಲಿ ಸದ್ದಿಲ್ಲದೆ ಅವಳಿಗೊಂದು ಮೂಲೆ ಮಾಡಬಹುದಿತ್ತು, ಅವನು ಹೋದ ಮೇಲೆ ಯಾರು ಕೇಳುತ್ತಿದ್ದರು? ಹಾಳೆಯ ಮೇಲೆ ಬರೆದು ಕಪಾಟಿನಲ್ಲಿ ಇಟ್ಟುಕೊಂಡರೂ ಹೆಸರು ಉಳಿಯುತ್ತಿತ್ತು. ಆದರೆ ಹಾಳೆ ಕರೆದರೆ ಓ ಎನ್ನುವುದಿಲ್ಲ. ಕದ್ದು ಒಯ್ಯಲು ನನಗೆ ಮನಸ್ಸಿರಲಿಲ್ಲ, ಬಿಟ್ಟುಕೊಡಲೂ ಮನಸ್ಸಿರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸು ಎಂಬುದೇ ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲಿನ ತುಟಿಯಂತಾಗಿತ್ತು. ಇದೆ ಎಂದು ಗೊತ್ತು, ಮುಟ್ಟಿದರೆ ತಿಳಿಯುವುದಿಲ್ಲ.

ಕೆಲಸ ಶುರುವಾಯಿತು. ಹೊಸ ಸರ್ವರಿಗೆ ಹೊಸ ಹೈಪರ್‌ವೈಸರ್ ಹಾಕಿ ಲೈಸೆನ್ಸಿನ ಉದ್ದನೆಯ ಸಂಖ್ಯೆ ಕೊಟ್ಟೆವು, ಒಪ್ಪಿಕೊಂಡಿತು. ಹಳೆಯದು ಮತ್ತು ಹೊಸದು ಒಂದಕ್ಕೊಂದು ಮಾತಾಡದಷ್ಟು ದೂರದ ತಲೆಮಾರಿನವು. ಆದ್ದರಿಂದ ಒಂದೊಂದೇ ಮಶೀನನ್ನು ಮಲಗಿಸಿ, ಹೊಸದಕ್ಕೆ ನಕಲು ಮಾಡಿ, ಅಲ್ಲಿ ಎಬ್ಬಿಸಬೇಕು. ವೇದಗಂಗಾ ಸಲೀಸಾಗಿ ಹೋಯಿತು. ದೂಧಗಂಗಾ ಹೋಯಿತು. ಕೃಷ್ಣಾ ಹೋಗುವಾಗ ಸಾಹೇಬರು ಬಂದು ನಮ್ಮ ಬೆನ್ನ ಹಿಂದೆ ಕೈಕಟ್ಟಿ ನಿಂತರು. ಕಾಟಾದ ಹುಡುಗರು ಕಿಟಕಿಯಲ್ಲಿ ಇಣುಕಿದರು. ಅದು ಎದ್ದು, ಕಾಟಾದ ಮೇಲೆ ನಿಲ್ಲಿಸಿದ ಖಾಲಿ ಲಾರಿಯ ತೂಕ ಸರಿಯಾಗಿ ತೋರಿಸಿದಾಗ ಸಾಹೇಬರು “ಛಲೋ ಆತು” ಎಂದು ಮನೆಗೆ ಹೋದರು. ಅಗ್ರಣಿ ಏಳಲೊಲ್ಲದೆ ಇಂಜಿನಿಯರನನ್ನು ಎರಡು ದಿನ ಸತಾಯಿಸಿತು. ಅಗ್ರಣಿ ಅಲ್ಲವೇ ಎಂದು ನಾನು ಅಂದೆ. ಅವನು ನಗಲಿಲ್ಲ.

ಒಂದೊಂದು ಹೋದಂತೆ ಹಳೆಯ ಪರದೆಯ ಮೇಲೆ ಒಂದೊಂದು ಸಾಲು ಕಡಿಮೆಯಾಗುತ್ತ ಬಂತು. ಕೊನೆಗೆ ಚಾಳಿನಲ್ಲಿ ಅವಳೊಬ್ಬಳೇ.

ಅಗ್ರಣಿ ಎದ್ದದ್ದು ಖಂಡೆನವಮಿಯ ಆಯುಧಪೂಜೆಯ ಹಿಂದಿನ ಸಂಜೆ. ನಾಳೆ ಬೆಳಿಗ್ಗೆ ಬಂದು ಇದನ್ನು ಬಂದ್ ಮಾಡಿ ಟೆಂಪೋದಲ್ಲಿ ಹಾಕಿಕೊಂಡು ಹೋಗುತ್ತೇನೆ ಎಂದ ಇಂಜಿನಿಯರ್. ಹೊಸದರ ಬದಲಿಗೆ ಹಳೆಯದನ್ನು ಕೊಡುವ ಕರಾರಾಗಿತ್ತು. ನಾನು ಹೂಂ ಎಂದೆ. ನಾಳೆ ಎಂದರೆ ಖಂಡೆನವಮಿ ಎನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮರುದಿನ ನಾವು ಹೋಗುವಷ್ಟರಲ್ಲಿ ನಮ್ಮ ಆಫೀಸಿನ ಸಿಪಾಯಿ ಪೂಜೆ ಮುಗಿಸಿಬಿಟ್ಟಿದ್ದ. ಇಡೀ ಕಾರ್ಖಾನೆಗೆ ಚೆಂಡು ಹೂವು, ಮಿಲ್ಲಿನ ಬಾಯಿಗೆ ಕಬ್ಬಿನ ಗಣಿಕೆ, ಕಾಟಾಕ್ಕೆ ಕುಂಬಳಕಾಯಿ. ಸರ್ವರ್ ಕೋಣೆಯಲ್ಲಿ ಹೊಸ ಸರ್ವರಿಗೂ ಕುಂಕುಮ, ಹಳೆಯದಕ್ಕೂ ಕುಂಕುಮ. ಇಂಜಿನಿಯರ್ ಸ್ವಿಚ್ಚಿನ ಹತ್ತಿರ ಕೈ ಒಯ್ದ. ಸಿಪಾಯಿ ಅಡ್ಡ ಬಂದ.

“ಕೈ ಹಚ್ಚಬ್ಯಾಡ್ರಿ ಸರ್. ಪೂಜಿ ಆಗೈತಿ. ಇವತ್ತ ಯಾವ ಹತಾರಾನೂ ಮುಟ್ಟೂ ಹಂಗಿಲ್ಲ.”

“ಹಳೇದ ಐತಿ ಮಾಮಾ ಇದು. ಗುಜರಿಗೆ ಹೊಂಟೈತಿ.”

“ಹಳೇದಾದ್ರ ಏನಾತ್ರಿ? ಇಷ್ಟ ವರ್ಷ ಅದರ ಮ್ಯಾಲ ಉಂಡೇವಿ. ನಡದದ್ದ ನಡೀಲಿ, ನಿಂತದ್ದ ನಿಂದರ್ಲಿ. ಬನ್ನಿ ಮುಡದ ಮ್ಯಾಲ ಒಯ್ರಿ.”

ಇಂಜಿನಿಯರ್ ನನ್ನ ಮುಖ ನೋಡಿದ. ನಾನು ಸಾಹೇಬರ ಮುಖ ನೋಡಿದೆ. ಸಾಹೇಬರು ತಾವೇ ಹೊಸ ಪೇಟಾ ಸುತ್ತಿಕೊಂಡು ಪೂಜೆಗೆ ಬಂದವರು, ಸಿಪಾಯಿಯ ಮಾತೇ ಖರೆ ಎಂದರು. ಇಂಜಿನಿಯರ್ ಪ್ರಸಾದದ ಪೇಢೆ ತಿಂದು, ದಸರಾ ಮುಗಿಸಿ ಬರುತ್ತೇನೆಂದು ಖಾಲಿ ಟೆಂಪೋದಲ್ಲಿ ಹೋದ. ಅವಳು ಹಣೆಗೆ ಕುಂಕುಮ ಹಚ್ಚಿಕೊಂಡು ಹಳೆಯ ಪೆಟ್ಟಿಗೆಯಲ್ಲಿ ಉಳಿದಳು.

ಆ ದಿನ ಕೆಲಸಗಾರರ ಮನೆಯವರೆಲ್ಲ ಕಾರ್ಖಾನೆ ನೋಡಲು ಬರುತ್ತಾರೆ. ನಾದಿನಿ ಪ್ರತಿವರ್ಷ ದಸರೆಗೆ ಅಣ್ಣನ ಮನೆಗೆ ಬರುವವಳು. ರಾಯಬಾಗದಲ್ಲಿ ರೈಲು ಹತ್ತಿ ಶೇಡಬಾಳದಲ್ಲಿ ಇಳಿದು, ಅಲ್ಲಿಂದ ನೆಟ್ಟಗೆ ಕಾರ್ಖಾನೆಗೆ ಬಂದಳು. ಅವಳದು ದೊಡ್ಡ ಬಾಯಿ, ಬೇಗ ಬರುವ ನಗು, ಎಲ್ಲೂ ಸುಮ್ಮನೆ ನಿಲ್ಲದ ಕಾಲು. ಮಿಲ್ಲು ನೋಡಿದಳು, ಬಾಯ್ಲರು ನೋಡಿದಳು, “ನಿಮ್ಮ ಜಾಗಾ ತೋರಸ್ರಿ ವೈನಿ” ಎಂದು ನನ್ನ ಹಿಂದೆ ಬಂದಳು.

ಸರ್ವರ್ ಕೋಣೆಯ ತಂಪಿಗೆ ಸೆರಗು ಹೊದ್ದುಕೊಂಡಳು. ಎರಡೂ ಪೆಟ್ಟಿಗೆಗಳಿಗೆ ಕೈ ಮುಗಿದಳು. ಹಳೆಯ ಸರ್ವರಿನ ಪರದೆ ತೆರೆದೇ ಇತ್ತು. ಖಾಲಿ ಪಟ್ಟಿಯಲ್ಲಿ ಒಂದೇ ಸಾಲು, ಅದರ ಪಕ್ಕ ಒಂದು ಹಸಿರು ಚುಕ್ಕೆ. ಬಾಗಿ, ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಮೆಲ್ಲಗೆ ಓದಿದಳು. ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಇಂಜಿನಿಯರನೂ ಬೆರಳು ತೋರಿಸಿ ‘ಇದು’ ಎಂದಿದ್ದನೇ ಹೊರತು ಹೆಸರು ಹೇಳಿರಲಿಲ್ಲ.

“ಇದ ಹುಡಿಗಿ ಹೆಸರ ಇದ್ದಂಗೈತಲ್ರಿ ವೈನಿ. ಯಾರದು?”

ಟೆಸ್ಟಿಂಗ್ ಮಶೀನು ಎನ್ನಬೇಕೆಂದು ಬಾಯಿ ತೆರೆದೆ.

“ನಿನ್ನ ಕಡಿಂದ ಹೇಳಸಬೇಕಂತ ಇಟ್ಟದ್ದು,” ಎಂದೆ.

ಅವಳಿಗೆ ಕೂಡಲೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಕೈಯಲ್ಲಿದ್ದ ಪ್ರಸಾದದ ತಾಟನ್ನು ಕುರ್ಚಿಯ ಮೇಲೆ ಇಟ್ಟಳು.

“ನಿಪ್ಪಾಣ್ಯಾಗಿಂದ?”

“ಹೂಂ.”

“ಅಣ್ಣಗ ಗೊತ್ತೈತೇನ್ರಿ?”

“ಇಲ್ಲ. ಮೊದಲ ನೀ ಹೇಳಬೇಕಲ್ಲ.”

ನಾದಿನಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹಳೆಯ ಸರ್ವರಿನ ಮುಂದೆ, ಕುಂಕುಮದ ಬೊಟ್ಟಿನ ಪಕ್ಕಕ್ಕೆ, ತೊಟ್ಟಿಲಿಗೆ ಬಾಗುವಂತೆಯೇ ಬಾಗಿದಳು. ಮುಟ್ಟಲಿಲ್ಲ, ಬಾಯಿಯನ್ನಷ್ಟೇ ಹತ್ತಿರ ಒಯ್ದಳು. ಫ್ಯಾನಿನ ಸದ್ದಿನೊಳಗೆ ‘ಕುರ್ರ್’ ಎಂದಳು, ಹೆಸರು ಉಸುರಿದಳು. ಉಸುರಿ ಹಾಗೆಯೇ ಬಾಗಿ ನಿಂತಳು. ಏಕೆ ಏಳುತ್ತಿಲ್ಲ ಎಂದು ನನಗೆ ತಿಳಿಯಲಿಲ್ಲ.

“ಗುದ್ದರಿ ವೈನಿ,” ಎಂದಳು, ಮುಖ ಎತ್ತದೆ.

ಅಲ್ಲಿ ಬೇರೆ ಹೆಂಗಸರಿರಲಿಲ್ಲ. ನಾನೇ ಅವಳ ಬೆನ್ನಿಗೆ ಒಂದು ಗುದ್ದು ಹಾಕಿದೆ.

“ಇಷ್ಟ ಮೆತ್ತಗ ಯಾರರೆ ಗುದ್ದತಾರೇನ್ರಿ?”

ಮತ್ತೆ ಗುದ್ದಿದೆ. ಜೋರಾಗಿ ಗುದ್ದಿದೆ. ಆ ಮನೆಯಲ್ಲಿ ಆ ದಿನ ಸೇರಬೇಕಾಗಿದ್ದ ಹೆಂಗಸರೆಲ್ಲರ ಪಾಲಿನದನ್ನೂ ನಾನೊಬ್ಬಳೇ ಗುದ್ದಿದೆ. ಅವಳು ‘ಸಾಕ್ರಿ’ ಎಂದು ಎದ್ದಾಗ ಕಣ್ಣು ಮೂಗು ಎಲ್ಲ ಒದ್ದೆಯಾಗಿತ್ತು. ನನ್ನ ಕಣ್ಣು ಒಣಗಿಯೇ ಇತ್ತು, ಕೈ ಮಾತ್ರ ನೋಯುತ್ತಿತ್ತು. ಇಬ್ಬರೂ ಒಂದೊಂದು ಪೇಢೆ ತಿಂದು ಹೊರಗೆ ಬಂದೆವು.

ಸಂಜೆ ನನ್ನ ಗಂಡ ಮನೆಯಲ್ಲಿದ್ದರು. ಅವರು ಕಾಗವಾಡದ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತರು. ಊರಲ್ಲಿ ಲೈಟು ಹೋದರೆ ಎಲ್ಲರೂ ಅವರನ್ನೇ ಬೈಯುತ್ತಿದ್ದರು, ಅವರು ಯಾರಿಗೂ ತಿರುಗಿ ಮಾತಾಡಿದವರಲ್ಲ. ಊಟಕ್ಕೆ ಕುಳಿತು ರೊಟ್ಟಿ ಮುರಿಯುತ್ತಿದ್ದಾಗ ತಂಗಿ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಳು. ತೊಟ್ಟಿಲ ಶಾಸ್ತ್ರದಲ್ಲಿ ಗಂಡಸರಿಗೆ ಕೇಳುವಂತೆ ಕೂಗುವ ದನಿಯಲ್ಲಿ, “ಅಣ್ಣಾ, ನಿನ್ನ ಮಗಳಿಗೆ ಹೆಸರ ಇಟ್ಟೇವಿ” ಎಂದು ಹೆಸರು ಹೇಳಿದಳು. ಅವರ ಕೈ ತಾಟಿನಲ್ಲಿಯೇ ನಿಂತಿತು. ಹೇಗೆ, ಎಲ್ಲಿ ಎಂದು ಅವಳೇ ಎಲ್ಲವನ್ನೂ ಹೇಳಿದಳು. ಹಳೆಯ ಪೆಟ್ಟಿಗೆಯನ್ನು ದಸರಾ ಮುಗಿದ ಮೇಲೆ ಒಯ್ಯುತ್ತಾರೆ ಎನ್ನುವುದನ್ನೂ ಹೇಳಿದಳು.

“ಛಲೋ ಐತಿ ಹೆಸರು,” ಎಂದರು ಅವರು. ಮುರಿದ ರೊಟ್ಟಿ ಕೈಗೆತ್ತಿಕೊಂಡು ಮತ್ತೆ, “ಛಲೋ ಐತಿ,” ಎಂದರು. ಊಟ ಮುಗಿಸಿ ಎದ್ದರು.

ಮರುದಿನ ಬನ್ನಿ ಮುಡಿದೆವು. ನಾದಿನಿ ರೈಲು ಹತ್ತಿದಳು. ಅದರ ಮರುದಿನ ಇಂಜಿನಿಯರ್ ಟೆಂಪೋ ತಂದ. ಬೆಳಿಗ್ಗೆ ನಾನು ಎಂದಿನಂತೆ ಎಲ್ಲರನ್ನೂ ಕರೆದೆ. ಹೊಳೆಗಳೆಲ್ಲ ಹೊಸ ಸರ್ವರಿನಿಂದ ಓ ಎಂದವು, ಅಗ್ರಣಿಯೂ. ಕೊನೆಗೆ ಅವಳನ್ನು ಕರೆದೆ, ಎಲ್ಲರಿಗಿಂತ ಬೇಗ ಓ ಎಂದಳು. ಆಮೇಲೆ ನಾನೇ ಬಂದ್ ಮಾಡಿದೆ. ಅಳಿಸಲು ಒತ್ತಿದಾಗ, ಖಂಡಿತವೇ ಎಂದು ಪರದೆ ಕೇಳಿತು. ಖಂಡಿತ ಎಂದೆ. ಇನ್ನೊಮ್ಮೆ ಕರೆದು ನೋಡಿದೆ, ಉತ್ತರ ಬರಲಿಲ್ಲ. ಹೆಸರಿಟ್ಟಾಗಿತ್ತು, ಇನ್ನು ಅವಳು ಆ ಪೆಟ್ಟಿಗೆಯಲ್ಲೇ ಇರಬೇಕೆಂದಿರಲಿಲ್ಲ. ಹೀಗೆಂದು ನನಗೆ ನಾನೇ ಹೇಳಿಕೊಂಡೆ, ಏನೂ ಅನ್ನಿಸದೆಯೇ ಹೇಳಿಕೊಂಡೆ. ಸಿಪಾಯಿ ಮತ್ತು ಇಂಜಿನಿಯರ್ ಪೆಟ್ಟಿಗೆಯನ್ನು ಎತ್ತಿ ಟೆಂಪೋದಲ್ಲಿ ಇಟ್ಟು ಹಗ್ಗ ಬಿಗಿದರು. ಕುಂಕುಮ ಹಾಗೆಯೇ ಇತ್ತು.

ಆ ಸಂಜೆ ಗಂಡ ಎಂದಿನ ಹೊತ್ತಿಗೆ ಬಂದರು. ಕಾಲು ತೊಳೆದುಕೊಂಡು ಒಳಗೆ ಬಂದು, ನಾನು ಚಹಾ ಸೋಸುತ್ತಿದ್ದ ಕಟ್ಟೆಯ ಹತ್ತಿರ ನಿಂತರು.

“ಟೆಂಪೋ ನಮ್ಮ ಆಫೀಸಿನ ಮುಂದ ಹೋತು,” ಎಂದರು. “ಮಧ್ಯಾನ್ಹದಿಂದ ಹೊರಗ ನಿಂತಿದ್ದೆ. ಹಿಂದ ಕರಿ ಪೆಟಗಿ ಕಾಣ್ತು. ಮಿರಜ ಕಡೆ ತಿರಗೂತನ ನೋಡಿದೆ.”

ಅದರೊಳಗೆ ಈಗ ಏನೂ ಇಲ್ಲ, ಬೆಳಿಗ್ಗೆಯೇ ಅಳಿಸಿದ್ದೆ ಎಂದು ಹೇಳಬೇಕೆಂದುಕೊಂಡೆ. ಅವರು ಇನ್ನೂ ಮಾತು ಮುಗಿಸಿರಲಿಲ್ಲ.

“ಆವಾಗ ಹೊಲಕ್ಕ ಒಯ್ಯೂ ಮುಂದ ಹೆಸರ ಗೊತ್ತಿರಲಿಲ್ಲ. ಏನಂತ ಕರೀಬೇಕ ತಿಳೀಲಿಲ್ಲ. ಎತಿಗೊಂಡ ಸುಮ್ಮನ ನಡದೆ.” ಚಹಾದ ಲೋಟ ತೆಗೆದುಕೊಂಡರು, ಕುಡಿಯಲಿಲ್ಲ. “ಇವತ್ತ ಹೆಸರ ಹಿಡದ ಕರದೆ.”

ನನ್ನ ಕೈಯಲ್ಲಿದ್ದ ಸೋಸಣಿಗೆ ಕೆಳಗೆ ಬಿತ್ತು. ಆಗ ನನಗೆ ಅಳು ಬಂತು.